ಸೂರಕ್ಕಿಯ ಮೇಲೆ ಹೊಟ್ಟೆಕಿಚ್ಚು

ಹಕ್ಕಿಯ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ಕೇಳಬೇಡಿ. ನಾನು ಪಟ್ಟಿದ್ದೇನೆ, ಅದೂ ಬೆರಳುದ್ದದ ಒಂದು ಸೂರಕ್ಕಿಯ ಮೇಲೆ.

ನಮ್ಮವರು ಇಪ್ಪತ್ತೆರಡು ವರ್ಷ ದುಬೈಯಲ್ಲಿ ದುಡಿದು ಹೋದ ವರ್ಷ ಕಾರಡ್ಕದ ಮನೆಗೆ ಬಂದರು. ಜೊತೆಗೆ ಬಿಪಿಯೂ ಬಂತು. ಮನಸ್ಸು ತಣ್ಣಗಿಟ್ಟುಕೊಳ್ಳಿ ಎಂದು ಡಾಕ್ಟರರು ಹೇಳಿದ್ದೇ ತಡ, ಮುಳ್ಳೇರಿಯದಲ್ಲಿ ಭಾನುವಾರ ಭಾನುವಾರ ನಡೆಯುವ ಧ್ಯಾನದ ಕ್ಲಾಸಿಗೆ ಸೇರಿದರು. ಕಲಿತು ಬಂದದ್ದು ಒಂದೇ ಮಾತು: ಈ ಕ್ಷಣದಲ್ಲಿರಬೇಕು. ಚಹಾ ಕುಡಿಯುವಾಗ ಚಹಾ ಮಾತ್ರ ಕುಡಿಯಬೇಕಂತೆ. ಅವರು ಅರ್ಧ ಗಂಟೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ನಾನು ದೋಸೆ ಹೊಯ್ದು, ದನಕ್ಕೆ ಅಕ್ಕಚ್ಚು ಇಟ್ಟು, ಅಂಗಳ ಗುಡಿಸಿ ಮುಗಿಸುತ್ತಿದ್ದೆ. ಒಮ್ಮೆ ನಾನೂ ಕಣ್ಣು ಮುಚ್ಚಿ ಕೂತೆ. ಮೂರನೇ ಉಸಿರಿಗೆ ಕುಕ್ಕರ್ ಕೂಗಿತು.

ಗೇರುಹಣ್ಣಿನ ಕಾಲಕ್ಕೆ ಆ ಹಕ್ಕಿ ಬಂತು. ಹಿಂದಿನ ಜಗಲಿಯ ಕಂಬದಿಂದ ಅಂಗಳದ ತೆಂಗಿನಮರಕ್ಕೆ ಬಟ್ಟೆ ಒಣಗಿಸುವ ಸರಿಗೆ ಕಟ್ಟಿದ್ದೆವು. ಕಂಬದ ಕಡೆಯ ತುದಿಯಲ್ಲಿ ಅದು ನಾರು, ಜೇಡರಬಲೆ ಎಲ್ಲ ಸೇರಿಸಿ ಸಣ್ಣ ಚೀಲದ ಹಾಗೆ ಗೂಡು ನೇತುಹಾಕಿತು. ಇವರು ಎದುರಿಗೆ ಕುರ್ಚಿ ಹಾಕಿದರು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಎವೆಯಿಕ್ಕದೆ ನೋಡುವುದು.

"ಇನ್ನು ಸರಿಗೆಯಲ್ಲಿ ಬಟ್ಟೆ ಹಾಕ್ಬೇಡ, ಗೂಡು ಅಲ್ಲಾಡ್ತದೆ," ಎಂದರು.

ಸರಿ, ಗೇರುಮರದ ಗೆಲ್ಲುಗಳ ಮೇಲೆ ಹರವಿದೆ. ಸೊನೆ ತಾಗಿ ನನ್ನ ಒಳ್ಳೆಯ ಸೀರೆಗೆ ಕಲೆ ಬಿತ್ತು. ಗೇರಿನ ಕಲೆ ಸೀರೆ ಹರಿದರೂ ಹೋಗುವಂಥದ್ದಲ್ಲ. ತಂದು ತೋರಿಸಿದೆ. ಸೀರೆಯ ಕಡೆ ತಿರುಗದೆಯೇ, "ಮೆಲ್ಲ ಮಾತಾಡು, ಹೆದರ್ತದೆ," ಎಂದರು.

ಅದನ್ನೂ ನುಂಗಿಕೊಂಡೆ. ಆದರೆ ಒಂದು ಸಂಜೆ ಕರೆದು, "ಇದರ ತಾಳ್ಮೆ ನೋಡು ಮಾರಾಯ್ತಿ. ಗಂಡು ಎಲ್ಲೆಲ್ಲೋ ತಿರುಗ್ತಾ ಉಂಟು. ಗೂಡು ಕಟ್ಟಿದ್ದು ಇದೊಂದೇ, ಕಾವಿಗೆ ಕೂತದ್ದೂ ಇದೊಂದೇ. ಎಂಥ ಜೀವ!" ಎಂದರು.

ಆ ದನಿಯಲ್ಲಿದ್ದ ಮೆಚ್ಚುಗೆಯನ್ನು ಮದುವೆಯಾದಂದಿನಿಂದ ನಾನು ಕೇಳಿರಲಿಲ್ಲ. ಮೈಯೆಲ್ಲ ಉರಿಯಿತು. ಅವರು ಅಲ್ಲಿದ್ದಾಗ ಮೇಸ್ತ್ರಿಗಳ ಹತ್ತಿರ ಜಗಳ ಆಡಿ ಈ ಮನೆ ಎಬ್ಬಿಸಿದ್ದು ಯಾರು? ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ದಡ ಸೇರಿಸಿದ್ದು ಯಾರು? ಹಾಸಿಗೆ ಹಿಡಿದ ಅತ್ತೆಗೆ ಮೂರು ವರ್ಷ ಗಂಜಿ ಕುಡಿಸಿದ್ದು? ನನ್ನ ಎದುರಿಗೆ ಮಾತ್ರ ಯಾರೂ ಕುರ್ಚಿ ಹಾಕಿ ಕೂರಲಿಲ್ಲ.

ಮುಂದಿನ ಭಾನುವಾರ ಅವರು ಕ್ಲಾಸಿಗೆಂದು ಬಸ್ಸು ಹತ್ತಿದ ಮೇಲೆ, ಒದ್ದೆ ಬೆಡ್‌ಶೀಟ್ ಹಿಡಿದುಕೊಂಡು ನೇರ ಸರಿಗೆಯ ಹತ್ತಿರ ಹೋದೆ. ಗೂಡು ಬಿದ್ದರೆ ಬೀಳಲಿ ಎಂದೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಸರಿಗೆಯನ್ನು ಹಿಡಿದು ಎಳೆದೆ. ಗೂಡು ತೂಗಿತು. ಅದರ ಬಾಯಿಯಿಂದ ಬಾಗಿದ ಕೊಕ್ಕೊಂದು ಹೊರಗೆ ಬಂತು, ಹಿಂದೆಯೇ ಒಂದು ಕಣ್ಣು. ಹಾರಿಹೋಗುತ್ತದೆ ಎಂದುಕೊಂಡೆ, ಹಾರಲಿಲ್ಲ. ಮಾಸಲು ಬಣ್ಣದ ಹಕ್ಕಿ, ನೋಡಲು ಅಂಥ ಚಂದವೂ ಇಲ್ಲ. ಮಿರಮಿರ ಮಿಂಚುವ ಗಂಡು ದಾಸವಾಳದ ಗಿಡಕ್ಕೆ ಬಂತು, ನಾಲ್ಕು ಹೂವಿಗೆ ಬಾಯಿ ಹಾಕಿತು, ಹೋಯಿತು. ಹೆಣ್ಣು ಕೂತಲ್ಲಿಂದ ಅಲುಗಲಿಲ್ಲ. ನಾನೂ ನಿಂತೇ ಇದ್ದೆ. ಒಲೆಯ ಮೇಲೆ ಸಾಂಬಾರು ಇಟ್ಟದ್ದು ಕೂಡ ನೆನಪಾಗಲಿಲ್ಲ.

"ನಿನ್ನ ಭಾಗ್ಯ ಮಾರಾಯ್ತಿ," ಎಂದೆ ಕೊನೆಗೆ, ಗಟ್ಟಿಯಾಗಿಯೇ. "ನಿನ್ನನ್ನು ಕೂತು ನೋಡ್ಲಿಕ್ಕೆ ಒಬ್ಬರಾದ್ರೂ ಇದ್ದಾರೆ."

ಹಿಂದೆ ಯಾರೋ ಕೆಮ್ಮಿದರು. ಕ್ಲಾಸು ಇರಲಿಲ್ಲವಂತೆ, ಇವರು ಹೋದ ಬಸ್ಸಿನಲ್ಲೇ ವಾಪಸು ಬಂದಿದ್ದರು. ಮೆಟ್ಟಿಲ ಹತ್ತಿರ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಗೂಡಿನ ಕಡೆ ನೋಡುತ್ತಿರಲಿಲ್ಲ.

"ನಿನ್ನ ತಲೆಯ ಹಿಂಬದಿಯ ಕೂದಲು ಇಷ್ಟು ಬೆಳ್ಳಗಾದದ್ದು ಯಾವಾಗ?" ಎಂದು ಕೇಳಿದರು.

"ನೀವು ಅಲ್ಲಿದ್ದಾಗ."

ಅವರು ಕ್ಲಾಸಿನ 'ಈ ಕ್ಷಣ'ದ ಮಾತು ಎತ್ತಲಿಲ್ಲ. ಹತ್ತಿರ ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದುಕೊಂಡರು. ಅದು ಅಷ್ಟರಲ್ಲಿ ನನ್ನ ಕೈಯಲ್ಲೇ ಅರ್ಧ ಒಣಗಿತ್ತು.