ಬೆನ್ನ ಹಿಂದೆ ಗೋಡೆಯಿಲ್ಲದ ಭಾನುವಾರ

ಬೆಟ್ಟದ ಮೇಲಿನ ನಮ್ಮ ಶಾಲೆಗೆ ಬಂದ ಮೊದಲ ದಿನವೇ ಮೆರಿಚೆಲ್ ಕೊನೆಯ ಬೆಂಚು ಹಿಡಿದಳು. ಆಗ ಅವಳಿಗೆ ಆರು ವರ್ಷ. ಮುಂದೆ ಕೂರಿಸಿದರೆ ಅಳು. ಗೋಡೆಗೆ ಬೆನ್ನು ಹಚ್ಚಿ ಕೂರಿಸಿದರೆ ತೆಪ್ಪಗಿರುತ್ತಿದ್ದಳು. ಏಕೆಂದು ಕೇಳಿದ್ದಕ್ಕೆ, "ಹಿಂದೆ ಏನಿದೆ ಅಂತ ಕಾಣಲ್ವಲ್ಲ ಟೀಚರ್" ಎಂದಳು. ಹನ್ನೆರಡು ಮಕ್ಕಳ ಆ ಶಾಲೆಯಲ್ಲಿ ಆ ಬೆಂಚು ಅವಳದೇ ಆಗಿಹೋಯಿತು.

ಲೇಯ್ಡಾ ಪಟ್ಟಣದಲ್ಲಿ ನರ್ಸಿಂಗ್ ಓದುವಾಗಲೂ ಈ ಭಯ ಅವಳನ್ನು ಬಿಟ್ಟಿರಲಿಲ್ಲ. ಸಹಪಾಠಿ ಜೆಮ್ಮಾ ತನ್ನ ಊರಾದ ತಾರಗೋನಾದ ಹಬ್ಬಕ್ಕೆ ಎರಡು ದಿನದ ಮಟ್ಟಿಗೆ ಕರೆದಾಗ, ರೈಲಿನಲ್ಲಿಯೂ ಡಬ್ಬಿಯ ಕಟ್ಟಕಡೆಯ ಸೀಟನ್ನೇ ಹುಡುಕಿ ಕುಳಿತಳು.

ಶನಿವಾರ ಊರಿಗೆ ಊರೇ ಬೀದಿಯಲ್ಲಿತ್ತು. ಡೋಲು, ಪಟಾಕಿ, ಬಾಯಿಂದ ಕಿಡಿ ಕಾರುವ ಬಟ್ಟೆಯ ಡ್ರ್ಯಾಗನ್. ಪ್ರತಿ ಸದ್ದಿಗೂ ಮೆರಿಚೆಲ್ ತಿರುಗಿ ನೋಡುವಳು. ಗೋಡೆ ಸವರಿಕೊಂಡೇ ನಡೆಯುವಳು.

"ಊರಿನ ಗೋಡೆಗೆಲ್ಲ ಸುಣ್ಣ ಬಳೀತಿದೀಯೇನೇ?" ಎಂದು ಜೆಮ್ಮಾ ನಕ್ಕಳು. "ನೋಡು, ಜಾಕೆಟ್ಟೆಲ್ಲ ಬೆಳ್ಳಗಾಗಿದೆ!"

ಮನೆಯಲ್ಲಿ ಜೆಮ್ಮಾಳ ತಂಗಿ, ಏಳು ವರ್ಷದ ಓನಾ, ಟೊಮ್ಯಾಟೊ ಉಜ್ಜಿದ ಬ್ರೆಡ್ಡನ್ನು ಒಂದೇ ಕಡೆಯಿಂದ ಅಗಿಯುತ್ತಿದ್ದಳು. ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು.

"ನಾಳೆ ಗೋಪುರದ ತುದೀಲಿ ನಾನೇ!" ಎಂದಳು. "ಏಳು ಅಂತಸ್ತು. ಒಬ್ಬರ ಹೆಗಲ ಮೇಲೆ ಒಬ್ಬರು, ಎಲ್ಲ ಮನುಷ್ಯರೇ."

ಮೆರಿಚೆಲ್ ಕೈಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟಳು. "ಬಿದ್ದರೆ?"

"ಬೀಳೋದಕ್ಕೆ ಅಂತಲೇ ಕೆಳಗೆ ಜನ ಇರ್ತಾರೆ" ಎಂದು ಓನಾ ಹಲ್ಲನ್ನು ನಾಲಿಗೆಯಿಂದ ತಳ್ಳಿದಳು.

ಭಾನುವಾರ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ದಿನ ಡ್ರ್ಯಾಗನ್ ಹೊತ್ತಿದ್ದವನೊಬ್ಬನ ಮಣಿಕಟ್ಟು ಉಳುಕಿ, ಓನಾಳ ಗೋಪುರದ ತಂಡದಲ್ಲಿ, ಬುಡಕ್ಕೆ ಆತು ನಿಲ್ಲುವವರ ನಡುವೆ ಒಂದು ಜಾಗ ಖಾಲಿಯಿತ್ತು. ಜೆಮ್ಮಾ ಮೆರಿಚೆಲ್‌ಳ ತೋಳು ಹಿಡಿದಳು.

"ನೀನು ನಿಂತ್ಕೋ."

"ನಂಗೆ ಬರಲ್ಲ ಕಣೇ!"

"ಬರೋದಕ್ಕೇನಿದೆ? ನನ್ನ ಬೆನ್ನಿಗೆ ಕೈ ಒತ್ತು. ಗದ್ದ ಎದೆಗೆ ಹಚ್ಕೋ. ಮೇಲೆ ಮಾತ್ರ ನೋಡಬೇಡ, ಯಾರಾದ್ರೂ ಬಿದ್ರೆ ಕತ್ತು ಮುರಿಯುತ್ತೆ."

ಬೇಡ ಎನ್ನುವಷ್ಟರಲ್ಲಿ ಜನ ಒತ್ತರಿಸಿಕೊಂಡರು. ಅವಳ ಬೆನ್ನಿಗೆ ಯಾರದೋ ಎದೆ ಬಂದು ಅಂಟಿತು. ಬೆವರು, ಬೆಳ್ಳುಳ್ಳಿಯ ವಾಸನೆ. ಹಿಂದೆ ಗೋಡೆಯಿರಲಿಲ್ಲ, ಮುಖವೇ ಕಾಣದ ಇನ್ನೂರು ಜನರಿದ್ದರು. ಓಡಿಹೋಗೋಣವೆಂದರೆ ಕಾಲು ಎತ್ತಲೂ ಎಡೆಯಿಲ್ಲ.

"ಮೊದಲನೇ ಸಲಾನಾ ಮಗಳೇ?" ಎಂದಿತು ಕಿವಿಯ ಹಿಂದೊಂದು ಮುದಿ ದನಿ. "ನಾನು ಕೀಮ್. ನಲವತ್ತು ವರ್ಷದಿಂದ ಇಲ್ಲೇ ನಿಲ್ತಿದೀನಿ. ಗೋಪುರ ಒಂದನ್ನೂ ಕಣ್ಣಾರೆ ಕಂಡಿಲ್ಲ ನೋಡು!"

"ಮತ್ತೆ ಮೇಲೆ ಏನಾಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಓಲಗ ಕೇಳಿಸ್ಕೋ. ಮಗು ತುದೀಲಿ ಕೈ ಎತ್ತಿದ ತಕ್ಷಣ ಧಾಟಿ ಬದಲಾಗುತ್ತೆ. ಓಲಗ ನಡೀತಿದ್ರೆ ಗೋಪುರ ನಿಂತಿದೆ ಅಂತ ಲೆಕ್ಕ."

ಓಲಗ ನಿಂತರೆ ಏನೆಂದು ಕೇಳದೆ ಅವಳು ಗದ್ದವನ್ನು ಎದೆಗೆ ಒತ್ತಿದಳು.

ಹತ್ತುವವರು ಒಬ್ಬೊಬ್ಬರಾಗಿ ಹೆಗಲುಗಳ ಮೇಲೆ ಹಾದುಹೋದರು. ಕೊನೆಗೊಂದು ಪುಟ್ಟ ಬರಿಗಾಲು ಅವಳ ಬಲಭುಜಕ್ಕೆ ಬಂತು. "ಅಲ್ಲಾಡಬೇಡ ಮೆರಿ, ನಾನು" ಎಂದಳು ಓನಾ. ದನಿಯಲ್ಲಿ ಧೈರ್ಯವಿತ್ತು. ಆದರೆ ಆ ಪಾದ ತಣ್ಣಗಿತ್ತು, ನಡುಗುತ್ತಿತ್ತು. ಮರುಕ್ಷಣ ಅದು ಮೇಲಕ್ಕೆ ಹೋಯಿತು.

ಅವಳ ಅಂಗೈಯ ಕೆಳಗೆ ಜೆಮ್ಮಾಳ ಬೆನ್ನು ಏರಿಳಿಯುತ್ತಿತ್ತು. ಸದಾ ಗೇಲಿ ಮಾಡುವ ಹುಡುಗಿ ಏನನ್ನೋ ಮಣಮಣ ಎನ್ನುತ್ತಿದ್ದಳು: "ಬಾ ಓನಾ, ಇಳಿದು ಬಾ ಕಂದ."

ಧಾಟಿ ಬದಲಾಯಿತು; ಚೌಕವೆಲ್ಲ ಕೂಗಿತು. "ಇಳಿಯುವಾಗಲೇ ಕಷ್ಟ" ಎಂದ ಕೀಮ್. "ಒತ್ತು, ಒತ್ತು!" ಜೆಮ್ಮಾಳ ಬೆನ್ನು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಆ ಪಾದ ಒಮ್ಮೆ ಮತ್ತೆ ಭುಜಕ್ಕೆ ಬಂದರೆ ಸಾಕು, ಒಮ್ಮೆ ಬಂದರೆ ಸಾಕು ಎಂದು ಮೆರಿಚೆಲ್ ಕಣ್ಣು ಮುಚ್ಚಿ ಕಾದಳು.

ಓಲಗ ನಿಂತಿತು.

ಜನರ ಉಸಿರು ಒಮ್ಮೆಲೇ ಒಳಕ್ಕೆ ಹೋದ ಸದ್ದು. ಆಮೇಲೆ ಆಕಾಶವೇ ಹೆಗಲ ಮೇಲೆ ಕುಸಿದಂತಾಯಿತು. ಮೊಣಕಾಲು ಮಡಚಿತು. ಹಿಂದಿನ ಮುದಿ ಎದೆ ಅವಳನ್ನು ಬೀಳಗೊಡಲಿಲ್ಲ. ಅವಳು ಜೆಮ್ಮಾಳನ್ನು ಬೀಳಗೊಡಲಿಲ್ಲ. ಅವಳ ಕಿವಿಯ ಪಕ್ಕದಲ್ಲೇ ಏನೋ ಮೆತ್ತಗಿನದು ಬಂದು ಬಿದ್ದು ಸುಮ್ಮನಾಯಿತು. ತಲೆ ಎತ್ತುವ ಹಾಗಿರಲಿಲ್ಲ. ಓರೆಗಣ್ಣಿಗೆ ಕಂಡದ್ದು ಒಂದು ಪುಟ್ಟ ಹೆಲ್ಮೆಟ್ಟು, ಅದರ ಕೆಳಗೆ ರಕ್ತ ತುಂಬಿದ ಬಾಯಿ.

"ಓನಾ!" ಎಂದು ಮೆರಿಚೆಲ್ ಕಿರುಚಿದಳು.

ಆ ಬಾಯಿ ತೆರೆದುಕೊಂಡಿತು. "ನನ್ನ ಹಲ್ಲು! ಯಾರೂ ತುಳೀಬೇಡಿ! ರಾತ್ರಿ ಹಲ್ಲು ಒಯ್ದು ಕಾಸಿಡೋ ಇಲಿಮರಿ ಬಂದು ಕೇಳಿದ್ರೆ ನಾನೇನು ಕೊಡ್ಲಿ?"

ಕೀಮ್ ಜೋರಾಗಿ ನಕ್ಕ. ಇನ್ನೂರು ಜನ ನೆಲಕ್ಕೆ ಬಗ್ಗಿ ಒಂದು ಹಾಲುಹಲ್ಲನ್ನು ಹುಡುಕತೊಡಗಿದರು. ಮೆರಿಚೆಲ್ ಮಾತ್ರ ನಿಂತಲ್ಲೇ ನಿಂತಿದ್ದಳು, ಕೈ ಒತ್ತಿಕೊಂಡೇ.

"ಬಿಡೇ, ಮುಗೀತು" ಎಂದು ಜೆಮ್ಮಾ ಅಳುತ್ತ ನಗುತ್ತ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. "ಶರ್ಟು ಹರಿಯುತ್ತೆ ಮಾರಾಯ್ತಿ."

ಇದಾಗಿ ಏಳು ವರ್ಷವಾಯಿತು. ಮೆರಿಚೆಲ್ ಈಗ ತಾರಗೋನಾದಲ್ಲೇ ಮಕ್ಕಳ ವಾರ್ಡಿನ ನರ್ಸು. ಊಟಕ್ಕೆ ಹೋದರೆ ಇಂದಿಗೂ ಗೋಡೆಯ ಪಕ್ಕದ ಮೇಜೇ ಬೇಕು. ಭಾನುವಾರ ಮಾತ್ರ ಚೌಕಕ್ಕೆ ಹೋಗಿ, ಗದ್ದ ಎದೆಗೆ ಹಚ್ಚಿ, ಬುಡದ ಮೂರನೆಯ ಸಾಲಿನಲ್ಲಿ ನಿಲ್ಲುತ್ತಾಳೆ. ಭಯವಿನ್ನೂ ಹೋಗಿಲ್ಲ. ಕೀಮ್ ನಿಲ್ಲುತ್ತಿದ್ದ ಜಾಗದಲ್ಲಿ, ಅವಳ ಬೆನ್ನಿಗೆ ಒತ್ತಿಕೊಂಡು, ಹದಿನಾಲ್ಕರ ಓನಾ ನಿಲ್ಲುತ್ತಾಳೆ. ಹೆಗಲ ಮೇಲೆ ಈಗ ಬೇರೆ ಯಾರದೋ ಮಗುವಿನ ಪಾದ ಹಾದುಹೋಗುತ್ತದೆ. ಅದು ತಿರುಗಿ ಬರುವ ತನಕ ಇಬ್ಬರೂ ಓಲಗಕ್ಕೆ ಕಿವಿಗೊಟ್ಟು ನಿಂತಿರುತ್ತಾರೆ.