ಪರೇಲಿನ ಹೋಟೆಲಿನಲ್ಲಿ ಮೂರು ಕಾಫಿ

ವಡಾಲದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಅಕ್ಕ ಏನೇ ಆದರೂ "ಇರಲಿ, ನೋಡುವ" ಎನ್ನುತ್ತಿದ್ದರು. ಮದುವೆಯ ಹೊಸ ಕಾಯಿದೆ ಬಂದದ್ದೇ ಗಂಡ ವಿಚ್ಛೇದನಕ್ಕೆ ಅರ್ಜಿ ಹಾಕಿದಾಗಲೂ ಅಷ್ಟೇ ಅಂದರು. ಕೇಸು ಮುಗಿಯುವವರೆಗೆ ಜೀವನಾಂಶ ಕೇಳಿದ್ದಕ್ಕೆ ಆತ, ಪರೇಲಿನ ಹೋಟೆಲು ತಮ್ಮನದು, ತಾನಲ್ಲಿ ಬರೀ ಸಪ್ಲಾಯರ್ ಎಂದು ಕೋರ್ಟಿಗೆ ಬರೆದುಕೊಟ್ಟ.

ಮರುದಿನ ಅಕ್ಕ ವಕೀಲರನ್ನೂ ನನ್ನನ್ನೂ ಕರೆದುಕೊಂಡು ಆ ಹೋಟೆಲಿಗೆ ಹೋದರು. ಗಲ್ಲಾದಲ್ಲಿ ಕೂತಿದ್ದ ಗಂಡನಿಗೆ, "ಸಪ್ಲಾಯರ್, ಮೂರು ಕಾಫಿ" ಎಂದರು.

ಅಡುಗೆಭಟ್ಟರು ಓಡಿಬಂದರು. "ಎಂತ ಅಮ್ಮಾ ಇದು! ಧಣಿಗಳ ಹತ್ರ ಕಾಫಿ ತರಿಸುದಾ?"

"ಈ ಹೋಟೆಲಿಗೆ ಧಣಿ ಯಾರು ಭಟ್ರೇ?"

"ನಿಮ್ಮ ಯಜಮಾನ್ರೇ ಅಲ್ವಾ!"

ವಕೀಲರು ಬರೆದುಕೊಂಡರು. ಭಟ್ಟರು ಕೋರ್ಟಿನಲ್ಲೂ ಅದನ್ನೇ ಹೇಳಿದರು. ತಿಂಗಳ ಜೀವನಾಂಶ ಸಿಕ್ಕಿತು, ಹೋಟೆಲು ಮಾರದಂತೆ ತಡೆಯೂ ಬಂತು. ಭಟ್ಟರ ಕೆಲಸ ಹೋಯಿತು.

ಮೊದಲ ಜೀವನಾಂಶದಲ್ಲಿ ಅಕ್ಕ ಪಾತ್ರೆ ಕೊಂಡು, ಭಟ್ಟರನ್ನು ಕರೆಸಿ, ಖೋಲಿಯಲ್ಲೇ ಖಾನಾವಳಿ ತೆರೆದರು.