ಬಡಿದು ಆರಿಸಿದ ಫರಸಿ

ಭಂಕೂರದ ರಸ್ತೆ ಬದಿಯ ಫರಸಿ ಕಲ್ಲಿನ ಅಂಗಡಿಯಲ್ಲಿ ನೆರಳಿಗೆಂದು ನಿಂತೆ. ಚಿಂಚೋಳಿ ಕಡೆಯ ನರಸಪ್ಪ ಎಂಬ ಹಿರಿಯರು ಮನೆಯ ನೆಲಕ್ಕೆ ಹಾಸುವ ಕಲ್ಲು ಆರಿಸುತ್ತಿದ್ದರು. ಬಣ್ಣ ನೋಡಲಿಲ್ಲ, ಅಳತೆ ಹಿಡಿಯಲಿಲ್ಲ. ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದರು.

“ಎಲ್ಲಾ ಬಡದೇ ಒಯ್ತೀರೇನ್ರಿ ಕಾಕಾ?” ಅಂಗಡಿಯ ರಜಿಯಾಬೇಗಂ ರೇಗಿದರು.

“ರೂಢಿ ಬಿಡಂಗಿಲ್ಲವ್ವಾ. ತೆಲಂಗಾಣದ ಕಲ್ಲಿದ್ದಲ ಗಣಿಯಾಗ, ಭಾಳ ಆಳದಾಗ ದುಡದೀನಿ. ಒಳಗ ಹೋಗೂ ಮುಂದ ತಲಿ ಮ್ಯಾಲಿನ ಕಲ್ಲು ಕೋಲಿಲಿಂದ ಬಡಿತಿದ್ವಿ. ಟೊಳ್ಳ ಸಪ್ಪಳ ಬಂದ್ರ ಹಿಂದಕ್ಕ ಸರಿಬೇಕು.”

ಈ ಊರಿನ ಸುತ್ತ ಕಲ್ಲು ತೆಗೆದ ತಗ್ಗುಗಳು ಬಾಯಿ ತೆರೆದೇ ಬಿದ್ದಿವೆ. ಅವನ್ನು ನೋಡುತ್ತಲೇ ಬಂದಿದ್ದ ನಾನು ತುಸು ಸಿಟ್ಟಿನಿಂದಲೇ ಕೇಳಿದೆ: “ಇದ್ದಲು ತೆಗೆದ ಮೇಲೆ ನೀವೂ ಹಿಂಗೇ ಬಿಟ್ಟು ಬಂದ್ರೇನ್ರಿ?”

“ಇಲ್ರೀ. ಇದ್ದಲು ಸುಟ್ಟ ಬೂದಿನೇ ನೀರಿನಾಗ ಕಲಸಿ, ಪೈಪಿಲಿಂದ ಆ ಟೊಳ್ಳಿಗೆ ತುಂಬಿದ್ವಿ. ನೀರು ಬಸದು ಹೋಗಿ ಬೂದಿ ಗಟ್ಟಿ ಕುಂದರ್ತದ. ಮ್ಯಾಲಿನ ಹೊಲ ಕುಸಿಯಂಗಿಲ್ಲ.”

ಬೂದಿ ತಾನು ಬಂದ ಜಾಗಕ್ಕೇ ಮರಳುತ್ತದೆ ಎಂಬುದು ನನಗೆ ಹೊಸದು. ರಜಿಯಾಬೇಗಂ ಮಾತ್ರ ನಂಬಲಿಲ್ಲ.

“ಹೇಳಲಿಕ್ಕ ಏನ್ರಿ, ಯಾರು ಬೇಕಾದ್ರೂ ಹೇಳ್ತಾರ. ಬೂದಿ ಮ್ಯಾಲ ಯಾರು ಭರೋಸಾ ಇಡ್ತಾರ?”

ನರಸಪ್ಪ ಇನ್ನೊಂದು ಕಲ್ಲು ಬಡಿದರು. ಗಂಟೆಯ ಹಾಗೆ ಸಪ್ಪಳ ಬಂತು. ಅದನ್ನು ಪಕ್ಕಕ್ಕಿಟ್ಟು ನಕ್ಕರು.

“ಈ ಫರಸಿ ಅಲ್ಲಿಗೇ ಒಯ್ಲಿಕತ್ತೀನವ್ವಾ. ನನ್ನ ಕೈಲಿಂದ ತುಂಬಿದ ಗಣಿ ಮ್ಯಾಲೇ ಮಗಳಿಗಿ ಮನಿ ಕಟ್ಟಲಿಕತ್ತೀನಿ.”